ಒಂದೇ ಕೈಯ ಗ್ಲೌಸು

ಒಂದೂವರೆ ಪೌಂಡು ಕೊಟ್ಟೆ. ಅವನು ಹೇಳಿದ್ದು ಮೂರು. ಅರ್ಧಕ್ಕೆ ಇಳಿದದ್ದು ಯಾಕೆ ಎಂದರೆ ವಸ್ತು ಒಂಟಿಯಾಗಿತ್ತು. ಎಡಗೈಯ ಗ್ಲೌಸು ಒಂದೇ, ಬಲಗೈಯದ್ದು ಇರಲಿಲ್ಲ. ಲಂಡನ್ನಿನ ಹೇಸ್‌ನಲ್ಲಿ ನಮ್ಮ ಬಾಡಿಗೆ ಮನೆಯ ಹತ್ತಿರದ ಮೈದಾನದಲ್ಲಿ ಭಾನುವಾರ ಬೆಳಿಗ್ಗೆ ಜನ ಕಾರಿನ ಡಿಕ್ಕಿ ತೆರೆದಿಟ್ಟುಕೊಂಡು ಮನೆಯ ಹಳೆ ಸಾಮಾನು ಮಾರುತ್ತಿದ್ದರು. ಅಲ್ಲಿ ಒಂದು ಟೋಸ್ಟರಿಗೂ ಕಿವಿ ಮುರಿದ ಪಿಂಗಾಣಿ ನಾಯಿಗೂ ನಡುವೆ ಅದು ಅಂಗಾತ ಬಿದ್ದಿತ್ತು. ಕಂದು ಬಣ್ಣದ ದಪ್ಪ ಚರ್ಮ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮದ್ದೇ ಹೆಣಿಗೆ. ನಮ್ಮ ಮನೆಯವರು ವೇರ್‌ಹೌಸಿನ ಗೆಳೆಯರ ಜೊತೆ ಕ್ರಿಕೆಟ್ ಆಡುತ್ತಿದ್ದರು, ವಿಕೆಟ್ಟಿನ ಹಿಂದೆ ನಿಲ್ಲುವ ಕೆಲಸ. ಹರಿದಿದ್ದದ್ದು ಅವರ ಎಡಗೈ ಗ್ಲೌಸೇ. ದೇವರು ಕಣ್ಣು ಬಿಟ್ಟ ಎಂದುಕೊಂಡೆ.

‘ಇನ್ನೊಂದೆಲ್ಲಿ?’ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ.

‘ಇನ್ನೊಂದಿಲ್ಲ’ ಎಂದ.

‘ಜೋಡಿ ಕಳೆದುಹಾಕಿ ಪೂರಾ ಬೆಲೆ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?’

ಅವನು ನನ್ನ ಮುಖ ನೋಡಿದ, ಗ್ಲೌಸು ನೋಡಿದ, ತುಟಿ ಕಚ್ಚಿಕೊಂಡು ‘ನೀವು ಹೇಳೋದೂ ಸರಿಯೇ’ ಎಂದು ಕೊಟ್ಟುಬಿಟ್ಟ. ಮನೆವರೆಗೂ ನಾನು ನೆಲದ ಮೇಲೆ ನಡೆಯಲಿಲ್ಲ. ನಮ್ಮ ತಾತ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ‘ಕೊಟ್ಟವನು ನಗ್ತಾ ಕೊಟ್ಟ ಅಂದ್ರೆ ಎತ್ತಿನ ಹಲ್ಲು ಇನ್ನೊಂದ್ಸಲ ಎಣಿಸು’ ಎಂದು ಅವನು ಸಾವಿರ ಸಲ ಹೇಳಿದ್ದ. ಆ ದಿನ ನೆನಪಾಗಲಿಲ್ಲ.

ಮುಂದಿನ ಭಾನುವಾರ ಮನೆಯವರು ಅದನ್ನು ಹಾಕಿಕೊಂಡು ಮೈದಾನಕ್ಕಿಳಿದರು. ಎರಡೂ ಕಡೆಯ ಆಟಗಾರರು ಸೇರಿ ನಕ್ಕರಂತೆ; ಒಂದು ತಂಡ ಇನ್ನೊಂದನ್ನು ನೋಡಿ ನಗುವುದುಂಟು, ಇಬ್ಬರೂ ಒಟ್ಟಿಗೆ ನಕ್ಕದ್ದು ಆ ಮೈದಾನದಲ್ಲಿ ಅದೇ ಮೊದಲಂತೆ. ಮನೆಗೆ ಬಂದು ಗ್ಲೌಸನ್ನು ಮೇಜಿನ ಮೇಲಿಟ್ಟು, ‘ನಿನ್ನ ವ್ಯಾಪಾರ ನೀನೇ ಇಟ್ಕೋ’ ಎಂದರು. ಅವರು ಹೆಚ್ಚು ಮಾತಾಡುವವರಲ್ಲ. ನಾನು ಅದನ್ನು ಅಂಗಡಿಗೆ ತಂದು ಗಲ್ಲಾದ ಹಿಂದೆ, ಅಗರಬತ್ತಿಯ ಗೂಡಿನ ಪಕ್ಕ ಮೊಳೆಗೆ ನೇತುಹಾಕಿದೆ. ಯಾರಾದರೂ ನಾಲ್ಕಕ್ಕೆ ಕೇಳಿದರೆ ಕೊಟ್ಟುಬಿಡೋಣ ಎಂದಿತ್ತು.

ಅಂಗಡಿ ಎಂದರೆ ರೇನರ್ಸ್ ಲೇನಿನದು. ತೊಂಬತ್ತರ ದಶಕದ ಮೊದಲಲ್ಲಿ ನಾನು ಹೇಸ್‌ನ ಅಡಿಗೆಮನೆಯಲ್ಲಿ ಸಾರಿನಪುಡಿ ಕುಟ್ಟಿ, ಚೀಲದಲ್ಲಿ ತುಂಬಿ, ಬಸ್ಸಿನಲ್ಲಿ ಹೊತ್ತು ಮನೆಮನೆಗೆ ಮಾರಿದವಳು. ಬಸ್ಸಿನಲ್ಲಿ ಪಕ್ಕ ಕೂತವರು ಸೀನಿ ಎದ್ದು ಹೋಗುತ್ತಿದ್ದರು. ಎರಡು ಸೀಟು ನನಗೇ. ಆ ಪುಡಿಯ ಮೇಲೇ ಅಂಗಡಿ ಎದ್ದದ್ದು. ಎಜ್‌ವೇರ್‌ನಿಂದ, ಹ್ಯಾರೋದಿಂದ, ಎಲ್ಲೆಲ್ಲಿಂದಲೋ ಕನ್ನಡದವರು ಬರುತ್ತಿದ್ದರು. ಬಹುಪಾಲು ಡಾಕ್ಟರ ಮನೆಗಳು.

ಧಾರವಾಡದ ಕುಲಕರ್ಣಿ ಡಾಕ್ಟರು ಅವರಲ್ಲೊಬ್ಬರು. ಭುಜ, ಮೊಣಕೈ ರಿಪೇರಿ ಮಾಡುವ ಮೂಳೆ ಡಾಕ್ಟರು. ಜೋಳದ ಹಿಟ್ಟಿಗೆಂದು ಬಂದವರು ಗ್ಲೌಸಿನ ಮುಂದೆ ನಿಂತೇಬಿಟ್ಟರು, ದೇವರ ಪಟದ ಮುಂದೆ ನಿಂತ ಹಾಗೆ.

‘ಗಿರಿಜಕ್ಕಾರ, ಇದ್ಯಾರದ್ರೀ?’

‘ನಂದೇ. ಕೀಪರ್ ಗ್ಲೌಸು. ಜೋಡಿ ಕಳೆದುಹೋಗಿದೆ ಅಂತ ಅರ್ಧ ರೇಟಿಗೆ ತಂದೆ.’

ಡಾಕ್ಟರು ಹಿಟ್ಟಿನ ಚೀಲ ಕೆಳಗಿಟ್ಟು ನಕ್ಕರು. ಹಿಟ್ಟಿಗೆ ಕಾಯುತ್ತ ಕಾರಿನಲ್ಲಿ ಕೂತಿದ್ದ ಅವರ ಹೆಂಡತಿ ಇಣುಕಿ ನೋಡುವಷ್ಟು ನಕ್ಕರು.

‘ಜೋಡಿ ಇಲ್ರೀ ಅಕ್ಕಾರ ಇದಕ್ಕ! ಹುಟ್ಟಿದ್ದ ಒಂಟಿ. ಇದು ಬೇಸ್‌ಬಾಲಿಂದು. ಎಡಗೈಗೆ ಇದು, ಬಲಗೈ ಖಾಲಿ, ಚೆಂಡು ಒಗೀಲಿಕ್ಕೆ.’

ನನ್ನ ಮುಖ ಕೆಂಪಾಗಿದ್ದಿರಬೇಕು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಆದರೂ ವ್ಯಾಪಾರಸ್ಥೆ ಸುಮ್ಮನಿರುತ್ತಾಳೆಯೇ? ‘ಹಾಗಾದ್ರೆ ಪೂರಾ ವಸ್ತು ಅರ್ಧ ಬೆಲೆಗೆ ಸಿಕ್ಕಿತು ಅನ್ನಿ!’ ಎಂದೆ. ಡಾಕ್ಟರು ಕೈಮುಗಿದರು.

ಅವರು ಹಿಂದೆ ಓದಿಗೆಂದು ಎರಡು ವರ್ಷ ಅಮೆರಿಕದಲ್ಲಿದ್ದಾಗ ಈ ಆಟದ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಇಲ್ಲಿಯ ಒಂದು ಟೀವಿ ಚಾನೆಲ್ಲಿನಲ್ಲಿ ಊರೆಲ್ಲ ಮಲಗಿದ ಮೇಲೆ ಅದನ್ನು ತೋರಿಸುತ್ತಿದ್ದರು. ಡಾಕ್ಟರು ಟೈಮರ್ ಇಟ್ಟು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಳ್ಳುವರು. ಮನೆಯಲ್ಲಿ ನೋಡಲು ಹೆಂಡತಿಯ ಅಪ್ಪಣೆಯಿಲ್ಲ. ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಹಳೆಯ ಸಿನಿಮಾ ಹಾಕುವ ಸಣ್ಣ ಟೀವಿಯಿತ್ತು. ಅಂದಿನಿಂದ ಭಾನುವಾರ ಮಧ್ಯಾಹ್ನ ಡಾಕ್ಟರು ಹಿಟ್ಟಿನ ನೆಪದಲ್ಲಿ ಬಂದು ಅಕ್ಕಿಮೂಟೆಯ ಮೇಲೆ ಕೂತು ಕ್ಯಾಸೆಟ್ ಹಾಕತೊಡಗಿದರು. ಅಷ್ಟು ಜೋಳದ ಹಿಟ್ಟನ್ನು ಆ ಮನೆಯಲ್ಲಿ ಏನು ಮಾಡುತ್ತಿದ್ದರೋ!

ಮೊದಮೊದಲು ನನಗೆ ಏನೂ ತಿಳಿಯಲಿಲ್ಲ. ಒಬ್ಬ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ, ಇನ್ನೊಬ್ಬ ದೊಣ್ಣೆ ಬೀಸುತ್ತಾನೆ, ಎಲ್ಲರೂ ಉಗುಳುತ್ತಾರೆ. ಒಂದು ದಿನ ಕಣ್ಣಿಗೆ ಬಿತ್ತು: ಎಸೆಯುವವನು ಎಸೆಯುವ ಮೊದಲು ಬಲಗೈಯನ್ನು ಗ್ಲೌಸಿನೊಳಗೆ ತೂರಿಸಿ, ಬೆರಳುಗಳನ್ನು ಚೆಂಡಿನ ಮೇಲೆ ಹೇಗೆ ಕೂರಿಸಿದ ಎಂದು ಯಾರಿಗೂ ಕಾಣದ ಹಾಗೆ ಮರೆಮಾಡುತ್ತಾನೆ. ನಾನು ಕುರ್ಚಿಯಿಂದ ಎದ್ದೆ. ನಮ್ಮ ತಾತ! ಸಂತೆಯಲ್ಲಿ ಮಾರುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಿದ್ದ. ಮುಖದಲ್ಲಿ ಏನೂ ಇಲ್ಲ, ಬಾಯಲ್ಲಿ ಮಳೆಬೆಳೆಯ ಮಾತು, ಟವೆಲ್ಲಿನ ಕೆಳಗೆ ಯುದ್ಧ. ಒಮ್ಮೆ ನಾನು ಚಿಕ್ಕವಳಿದ್ದಾಗ ಆ ಟವೆಲ್ಲನ್ನು ಮೇಲೆತ್ತಿ ನೋಡಿಬಿಟ್ಟೆ. ತಾತ ಹೊಡೆಯಲಿಲ್ಲ. ‘ಇವಳು ಉಳೀತಾಳೆ ಬಿಡು’ ಎಂದ. ಅವತ್ತಿನಿಂದ ಬೇಸ್‌ಬಾಲ್ ನನಗೆ ಅರ್ಥವಾಯಿತು. ಎಸೆಯುವವನನ್ನು ಪಿಚರ್ ಎನ್ನಬೇಕೆಂದು ಡಾಕ್ಟರು ಹೇಳಿಕೊಟ್ಟರು. ನನ್ನ ಮಟ್ಟಿಗೆ ಅವನು ದಲ್ಲಾಳಿ.

ನಮ್ಮಿಬ್ಬರಿಗೂ ಜಗಳ ಹತ್ತಿದ್ದು ಎಲ್ಲಿ ಅಂದರೆ, ಹಳೆಯ ಕಾಲದವರು ದೊಡ್ಡವರೋ ಈಗಿನವರೋ ಎನ್ನುವಲ್ಲಿ. ಹಿಂದೆ ಆಟ ಶುರುಮಾಡಿದ ಪಿಚರೇ ಆಟಕ್ಕಿರುವ ಒಂಬತ್ತು ಇನಿಂಗ್ಸೂ ಎಸೆದು ಮುಗಿಸಿ ಮನೆಗೆ ಹೋಗುತ್ತಿದ್ದನಂತೆ. ಬರಬರುತ್ತ ಶುರುಮಾಡುವವನು ಬೇರೆ, ನಡುವೆ ಬರುವವನು ಬೇರೆ, ಕೊನೆಯ ಒಂದೇ ಇನಿಂಗ್ಸಿಗೆ ಅಂತಲೇ ಮೀಸಲಾದವನು ಬೇರೆ ಎಂದಾಯಿತು. ಹೀಗೆ ಆಮೇಲೆ ಬರುವವರೆಲ್ಲ ರಿಲೀವರ್‌ಗಳು. ಕ್ಯಾಸೆಟ್ಟಿನಲ್ಲಿ ನಾನು ನೋಡಿದ್ದೆಲ್ಲ ಈ ಹೊಸ ಪದ್ಧತಿಯೇ. ಇನ್ನೂ ಚೆನ್ನಾಗಿಯೇ ಎಸೆಯುತ್ತಿದ್ದವನನ್ನು ಅರ್ಧದಲ್ಲಿ ಕರೆದುಬಿಡುವುದು. ನನಗೆ ಮೈಯುರಿಯುತ್ತಿತ್ತು.

‘ಒಂದೇ ಇನಿಂಗ್ಸಿಗೆ ಪೂರಾ ಸಂಬಳಾನಾ ಡಾಕ್ಟ್ರೇ? ನನ್ನ ಅಂಗಡೀಲಿ ಹಾಗೆ ಕೇಳಿದ್ರೆ ಶಟರ್ ಎಳೀತೀನಿ. ಒಲೆ ಹಚ್ಚಿದವಳೇ ಪಾತ್ರೆ ಇಳಿಸಬೇಕು.’

‘ಕಾಲ ನೋಡಬೇಕಲ್ರೀ ಅಕ್ಕಾರ. ಆವಾಗ ದೊಣ್ಣಿ ಹಿಡದವ್ರಾಗ ಅರ್ಧ ಮಂದಿ ಬಡಕಲಿದ್ರು. ಪಿಚರ್ ಅಂಥವ್ರ ಮುಂದ ಕೈ ಸಾವಕಾಶ ಬಿಟ್ಟು ಶಕ್ತಿ ಉಳಿಸ್ಕೋತಿದ್ದ. ಈಗ ಕಡೀ ಆಸಾಮಿನೂ ಗಟ್ಟಿಗ. ಪ್ರತಿ ಚೆಂಡೂ ಪೂರಾ ಜೋರಿನಿಂದ ಒಗೀಬೇಕು. ಭುಜ ಎಷ್ಟು ತಡೀತದ? ಆ ಭುಜ ಬಿಚ್ಚಿ ನೋಡಾವ ನಾನು!’

‘ನೆಪ.’

‘ಮತ್ತೊಂದು ಕೇಳ್ರಿ. ನಿಮ್ಮ ಅಂಗಡಿಗೆ ಮೂರನೇ ಸಲ ಬಂದ ಗಿರಾಕಿಗೆ ನಿಮ್ಮ ಖರೇ ಬೆಲೆ ಗೊತ್ತಾಗಿರ್ತದೋ ಇಲ್ಲೋ? ಹಂಗ ಇದು. ಮೂರನೇ ಸಲ ದೊಣ್ಣಿ ಹಿಡದು ಎದುರು ಬಂದಾವ ಪಿಚರ್‌ನ ವರಸಿ ಕಲ್ತುಬಿಟ್ಟಿರ್ತಾನ. ಆಗ ಹೊಸಬನ್ನ ತರಬೇಕು.’

ಈ ಮಾತು ನನಗೆ ನಾಟಿತು. ಆದರೆ ಒಪ್ಪಿಕೊಂಡರೆ ವ್ಯಾಪಾರ ಕೆಟ್ಟ ಹಾಗೆ. ‘ನಿಮ್ಮ ಆಸ್ಪತ್ರೇಲೂ ಹೀಗೇನಾ?’ ಎಂದೆ. ಡಾಕ್ಟರು ಟೀವಿಯ ಸದ್ದು ಕಡಿಮೆ ಮಾಡಿದರು. ತಾವು ಎಳೆಯ ಡಾಕ್ಟರಾಗಿದ್ದಾಗ ಶುಕ್ರವಾರ ವಾರ್ಡಿಗೆ ಹೋದರೆ ಸೋಮವಾರ ಹೊರಗೆ ಬರುತ್ತಿದ್ದರಂತೆ. ಈಗಿನ ಹುಡುಗರಿಗೆ ಪಾಳಿ ಬರುತ್ತಿದೆ, ರೋಗಿಯನ್ನು ಕೈಯಿಂದ ಕೈಗೆ ಒಪ್ಪಿಸಿ ಮನೆಗೆ ಹೋಗುತ್ತಾರೆ ಎಂದರು. ‘ನಾವ ಶ್ಯಾಣ್ಯಾರು ಅಂತ ನಾನೂ ಅಂತಿದ್ದೆ ಅಕ್ಕಾರ. ಆದ್ರ ಸೋಮವಾರ ಮುಂಜಾನೆ ನನ್ನ ಕೈಯಾಗ ಸಿಕ್ಕ ಪೇಶಂಟ್‌ನ ಕೇಳಿದ್ರ ಏನಂತಿದ್ದನೋ.’

ಆ ಕ್ಯಾಸೆಟ್ಟುಗಳಲ್ಲಿ ನನ್ನ ಕಣ್ಣು ಹೆಚ್ಚು ನಿಲ್ಲುತ್ತಿದ್ದದ್ದು ಪಿಚರನ್ನು ತೆಗೆಯುವ ಗಳಿಗೆಯ ಮೇಲೆ. ತಂಡದ ಮೇಸ್ತ್ರಿ ಮೈದಾನದೊಳಕ್ಕೆ ನಿಧಾನ ನಡೆದು ಬರುತ್ತಾನೆ. ಎಲ್ಲರಿಗೂ ಗೊತ್ತು ಯಾಕೆ ಬರುತ್ತಿದ್ದಾನೆ ಎಂದು. ದಿಬ್ಬದ ಹತ್ತಿರ ಬಂದು ಅಂಗೈ ಚಾಚುತ್ತಾನೆ. ಪಿಚರ್ ಆ ಅಂಗೈಯಲ್ಲಿ ಚೆಂಡು ಇಟ್ಟು ತಲೆತಗ್ಗಿಸಿ ಹೊರಡುತ್ತಾನೆ. ಅಷ್ಟು ಜನರ ಮುಂದೆ! ಒಮ್ಮೆ ಒಬ್ಬ ಹುಡುಗ ಚೆಂಡನ್ನು ಕೈಗೆ ಕೊಡದೆ ನೆಲಕ್ಕೆ ಬಡಿದು ಹೋದ. ಡಾಕ್ಟರು ಲೊಚಗುಟ್ಟಿದರು.

‘ಸೋತದ್ದು ತಪ್ಪಲ್ರೀ. ಚೆಂಡು ಕೈಯಾಗ ಇಟ್ಟು ಹೋಗಬೇಕು, ಒಗೀಬಾರದು. ಮುಂದ ಬರಾಂವ ಅದ ಚೆಂಡಿನಿಂದನ ಆಡಬೇಕಲ್ಲ.’

‘ಸರಿಯಾಗೇ ಮಾಡ್ದ’ ಎಂದೆ. ‘ನಾನಾಗಿದ್ರೆ ಆ ಮೇಸ್ತ್ರಿ ತಲೆಗೇ ಹೊಡೀತಿದ್ದೆ.’

ಮನೆಯವರು ಮೂಲೆಯಲ್ಲಿ ಬೇಳೆಯ ಪ್ಯಾಕೆಟ್ಟಿಗೆ ಬೆಲೆಚೀಟಿ ಅಂಟಿಸುತ್ತಿದ್ದರು. ಅವರು ಕೇಳಿಸಿಕೊಂಡರು ಎಂದೇ ನನಗೆ ಅನಿಸಿರಲಿಲ್ಲ.

ಈಗ ಯುಗಾದಿಯ ವಿಷಯಕ್ಕೆ ಬರಬೇಕು. ಬರಲು ಮನಸ್ಸಿಲ್ಲ, ಅದಕ್ಕೇ ಇಷ್ಟು ಸುತ್ತಿದೆ.

ನಮ್ಮ ಕನ್ನಡದವರು ವರ್ಷಕ್ಕೊಮ್ಮೆ ಹ್ಯಾರೋದ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಯುಗಾದಿ ಮಾಡುತ್ತಿದ್ದರು. ಅಲ್ಲಿ ಪರಿಚಯ ಹೇಳಿಕೊಳ್ಳುವಾಗ ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಆಸ್ಪತ್ರೆ. ನನ್ನದು ಎಸ್ಸೆಸ್ಸೆಲ್ಸಿ, ನಮ್ಮ ಮನೆಯವರದು ವೇರ್‌ಹೌಸಿನ ಫೋರ್ಕ್‌ಲಿಫ್ಟ್ ಗಾಡಿ. ಆದರೆ ಊಟದ ಹೊತ್ತಿಗೆ ನಾನೇ ರಾಣಿ. ಅಷ್ಟೂ ಜನಕ್ಕೆ ಬಿಸಿಬೇಳೆಬಾತು ನನ್ನದೇ. ಬೇಳೆ ಹಾಕುವುದರಿಂದ ತುಪ್ಪ ಸುರಿಯುವವರೆಗೆ ಸೌಟು ಇನ್ನೊಬ್ಬರ ಕೈಗೆ ಹೋಗುತ್ತಿರಲಿಲ್ಲ. ಹೋಳಿಗೆ, ಕೋಸಂಬರಿ ಬೇರೆಯವರು ತರುವರು, ಅದು ಪಕ್ಕವಾದ್ಯ. ದೊಡ್ಡ ದೊಡ್ಡ ಸರ್ಜನ್ನುಗಳು ತಟ್ಟೆ ಹಿಡಿದು ‘ಗಿರಿಜಕ್ಕ, ಇನ್ನೊಂದು ಸೌಟು’ ಎಂದು ನಿಲ್ಲುತ್ತಿದ್ದರು. ಲಂಡನ್ನಿನಲ್ಲಿ ನನಗೆ ಇದ್ದ ಪದವಿ ಅದೊಂದೇ. ಕಳೆದುಕೊಳ್ಳಲು ತಯಾರಿರಲಿಲ್ಲ.

ನೈವೇದ್ಯವಾಗುವ ಮೊದಲು ಅಡಿಗೆಯ ರುಚಿ ನೋಡಬಾರದು. ಇದು ನಿಮಗೂ ಗೊತ್ತಿರುವ ನೇಮ. ನಮ್ಮಮ್ಮ ಮೂಗಿನಿಂದಲೇ ಉಪ್ಪು ಹೇಳುತ್ತಿದ್ದಳು, ನಾನೂ ಹಾಗೇ. ಸಾರಿನಪುಡಿಯಲ್ಲಿ ಕೊತ್ತಂಬರಿ ಒಂದು ಚೂರು ಹೆಚ್ಚು ಹುರಿದರೂ ಪಕ್ಕದ ಕೋಣೆಯಿಂದ ಹೇಳುವವಳು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು; ಒಂದು ಚಳಿಗಾಲ ಕೆಟ್ಟ ಫ್ಲೂ ಬಂತು. ಎದ್ದು ಅಂಗಡಿಗೆ ಹೋಗಿ ಇಂಗಿನ ಡಬ್ಬಿ ಮುಚ್ಚಳ ತೆಗೆದೆ. ಏನೂ ಇಲ್ಲ. ಡಬ್ಬಿ ಹಳಸಿದೆ ಎಂದು ಹೊಸದು ಒಡೆದೆ. ಅದೂ ಇಲ್ಲ. ಸರಬರಾಜಿನವನಿಗೆ ಫೋನ್ ಮಾಡಿ ‘ಏನಯ್ಯಾ, ಗೋಧಿಹಿಟ್ಟು ಕಳಿಸಿದೀಯ?’ ಎಂದು ರೇಗಿ, ದುಡ್ಡೂ ಕಡಿಮೆ ಮಾಡಿಸಿದೆ. ಆಮೇಲೆ ಕಾಫಿಪುಡಿ. ಆಮೇಲೆ ಮಲ್ಲಿಗೆ ಅಗರಬತ್ತಿ. ಕೆಟ್ಟದ್ದು ಇಂಗಲ್ಲ, ನನ್ನ ಮೂಗು. ನಮ್ಮ ಬಡಾವಣೆಯ ಜಿಪಿ ಡಾಕ್ಟರ ಹತ್ತಿರ ಹೋದೆ. ‘ವಾಸನೆ ಮತ್ತೆ ಬರಬಹುದು, ಬರದೆಯೂ ಇರಬಹುದು’ ಎಂದರು.

ಯಾರಿಗೂ ಹೇಳಲಿಲ್ಲ. ಮೂಗಿಲ್ಲದವಳ ಸಾರಿನಪುಡಿ ಯಾರು ಕೊಳ್ಳುತ್ತಾರೆ? ಮನೆಯಲ್ಲಿ ಅಳತೆ ಹಿಡಿದು ಅಡಿಗೆ ಮಾಡಿದೆ, ಮಗಳು ಮೇಘಾಳ ಮುಖ ನೋಡಿ ರುಚಿ ತಿಳಿದುಕೊಂಡೆ. ಅವಳು ಯೂನಿವರ್ಸಿಟಿಯಿಂದ ಶನಿವಾರ ಬರುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ನಮ್ಮಿಬ್ಬರ ನಡುವೆ ಅದೇ ಒಪ್ಪಂದವಾಗಿ ನಡೆದಿತ್ತು.

ಯುಗಾದಿ ಬಂತು. ಎಜ್‌ವೇರ್‌ನ ಪದ್ಮಾ ಆ ವರ್ಷದ ಕಾರ್ಯದರ್ಶಿ. ಮೈಸೂರಿನವಳು, ಗಂಡ ಮಕ್ಕಳ ಡಾಕ್ಟರು, ಮಾತು ಮೆತ್ತಗೆ. ‘ಗಿರಿಜಕ್ಕ, ಈ ಸಲ ಹೊರಗಡೆಯಿಂದ ತರಿಸಿಬಿಡೋಣ್ವಾ? ನಿಮಗೂ ರೆಸ್ಟ್ ಆಗುತ್ತೆ’ ಎಂದು ಫೋನ್ ಮಾಡಿದಳು. ಅವಳಿಗೆ ನನ್ನ ಮೂಗಿನ ಸುದ್ದಿ ಗೊತ್ತಿರಲಿಲ್ಲ, ನಾನು ಫ್ಲೂನಿಂದ ಎದ್ದವಳು ಎಂದಷ್ಟೇ ಕನಿಕರ. ನಾನು ಉರಿದುಬಿದ್ದೆ. ‘ನಾನಿನ್ನೂ ಸತ್ತಿಲ್ಲ’ ಎಂದೆ. ಮೇಲೆ ಒಂದು ಬುದ್ಧಿವಂತಿಕೆಯನ್ನೂ ಮಾಡಿದೆ: ‘ನೈವೇದ್ಯಕ್ಕೆ ಮುಂಚೆ ಅಡಿಗೆಮನೆಗೆ ಯಾರೂ ಬರಕೂಡದು, ಯಾರೂ ರುಚಿ ನೋಡಕೂಡದು, ಹಾಗಿದ್ರೆ ಮಾತ್ರ ಮಾಡ್ತೀನಿ’ ಎಂದು ಷರತ್ತು ಹಾಕಿದೆ. ದೇವರ ನೇಮವನ್ನು ನನ್ನ ಮೂಗಿಗೆ ಪರದೆಯಾಗಿ ಕಟ್ಟಿಕೊಂಡೆ. ತಾತನ ಟವೆಲ್ಲು, ಇನ್ನೇನು.

ಶಾಲೆಯ ಅಡಿಗೆಮನೆ, ದೊಡ್ಡ ಒಲೆ, ಎರಡು ಕೈಯಲ್ಲಿ ಹಿಡಿದು ತಿರುಗಿಸುವ ಸೌಟು. ಹಾಲ್‌ನಲ್ಲಿ ಮಕ್ಕಳು ಶ್ಲೋಕ ಹೇಳುತ್ತಿದ್ದರು. ಷರತ್ತನ್ನು ಮುರಿದು ಒಳಗೆ ಬಂದವರು ಕುಲಕರ್ಣಿ ಡಾಕ್ಟರು. ಅವರು ಹಪ್ಪಳ ಕದಿಯಲು ಬಂದವರು, ಅವರಿಗೆ ಮಾಫಿ. ಬಾಗಿಲಲ್ಲಿ ನಿಂತು ಶುರುಮಾಡಿದರು.

‘ಏನ್ರೀ ಅಕ್ಕಾರ, ಈ ವರ್ಷನೂ ಒಂಬತ್ತೂ ಇನಿಂಗ್ಸ್ ನೀವ ಏನು?’

‘ನಾನೇ. ನಾವು ಹಳೇ ಕಾಲದ ಪಿಚರು ಡಾಕ್ಟ್ರೇ, ಶುರು ಮಾಡಿದ್ದು ಮುಗಿಸಿಯೇ ಹೋಗೋದು.’

ಅವರು ಹಪ್ಪಳ ಮುರಿದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನಿಂತರು. ಮೂಗು ಮೇಲೆತ್ತಿದರು. ‘ಏನೋ ವಾಸನಿ ಬರಾಕತ್ತದಲ್ರೀ?’

‘ಊರಿಂದ ತರಿಸಿದ ತುಪ್ಪ’ ಎಂದೆ, ಜಂಬದಿಂದ. ‘ಘಮ ಹಾಲ್‌ವರೆಗೂ ಹೋಗುತ್ತೆ ನೋಡಿ.’

ಡಾಕ್ಟರು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಅವರು ಹಪ್ಪಳವನ್ನು ತಟ್ಟೆಯಲ್ಲಿಟ್ಟು ಹೊರಗೆ ಹೋದರು. ತಳ ಹಿಡಿದಿತ್ತು. ತಳ ಹಿಡಿದ ಬೇಳೆಯ ವಾಸನೆ ಮನೆಯ ಬೆಕ್ಕಿಗೂ ತಿಳಿಯುತ್ತದೆ. ಹಾಲ್‌ನಲ್ಲಿ ಶ್ಲೋಕ ಹೇಳುವ ಮಕ್ಕಳು ಮೂಗು ಮುಚ್ಚಿಕೊಂಡಿದ್ದರಂತೆ. ಪಾತ್ರೆಯ ಮೇಲೇ ಬಗ್ಗಿದ್ದ ನನಗೊಬ್ಬಳಿಗೆ ತಿಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೂ ಅರ್ಧ ಪಾತ್ರೆ ಉಳಿಯುತ್ತಿತ್ತು. ತಳ ಹಿಡಿದಾಗ ಕೆದಕದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಬೇಕು ಎಂದು ಆ ಹಾಲ್‌ನಲ್ಲಿದ್ದ ಅರ್ಧ ಹೆಂಗಸರಿಗೆ ಕಲಿಸಿದವಳೇ ನಾನು. ನಾನೇನು ಮಾಡಿದೆ? ತುಪ್ಪ ಚೆನ್ನಾಗಿ ಬೆರೆಯಲಿ ಎಂದು ಸೌಟನ್ನು ಬುಡಕ್ಕೆ ಇಳಿಸಿ, ಮೈಯ ಭಾರ ಬಿಟ್ಟು, ಕರಿಯಾದದ್ದನ್ನೆಲ್ಲ ಎಬ್ಬಿಸಿ ಮೇಲಕ್ಕೆ ತಂದು ಕಲಸಿದೆ.

ಪದ್ಮಾ ಬಂದಳು. ‘ಗಿರಿಜಕ್ಕ, ಎಲ್ಲಾ ಸರಿಯಾಗಿದೆ ತಾನೇ?’ ಎಂದಳು. ಮೈಸೂರಿನವರು ಮನೆಗೆ ಬೆಂಕಿ ಬಿದ್ದರೂ ಹಾಗೇ ಕೇಳುತ್ತಾರೆ.

‘ಒಳಗೆ ಬರಬೇಡ ಅಂದಿದ್ನಲ್ಲ!’

ಅವಳ ಹಿಂದೆ ಇನ್ನೂ ನಾಲ್ಕಾರು ಮುಖಗಳು. ಅವುಗಳ ನಡುವಿನಿಂದ ಮೇಘಾ ಬಂದಳು. ಓಡಿ ಬರಲಿಲ್ಲ. ನಿಧಾನವಾಗಿ ನಡೆದು ಬಂದಳು. ಒಲೆ ಆರಿಸಿದಳು. ನನ್ನ ಮುಖದ ಹತ್ತಿರ ಮುಖ ತಂದು, ‘ಮಮ್, ಕಾಂಟ್ ಯು ಸ್ಮೆಲ್ ಇಟ್?’ ಎಂದು ಪಿಸುಗುಟ್ಟಿದಳು. ಪಾತ್ರೆ ನೋಡಿದೆ. ಹಳದಿ ಬಾತಿನ ಮೈತುಂಬ ಕರಿಯ ಚೂರು. ಕಣ್ಣಿಗೂ ಆಗಲೇ ಬಿದ್ದದ್ದು. ಅವಳು ಅಂಗೈ ಚಾಚಿದಳು.

‘ಅಮ್ಮ, ಕೊಡು.’

ಕನ್ನಡದಲ್ಲಿ. ವರ್ಷಗಳಿಂದ ಅವಳ ಬಾಯಲ್ಲಿ ಕನ್ನಡ ಕೇಳಬೇಕೆಂದು ಹರಕೆ ಹೊತ್ತವಳು ನಾನು.

‘ನಾನು ಹಚ್ಚಿದ ಒಲೆ’ ಎಂದೆ. ಎಂದವಳೇ ಸೌಟನ್ನು ಸಿಂಕಿನ ಕಡೆ ಎಸೆದೆ. ಅದು ಸಿಂಕಿನ ಅಂಚಿಗೆ ಬಡಿದು ಹಾರಿ, ಬಿಸಿ ಬಾತು ಪದ್ಮಾಳ ರೇಷ್ಮೆಸೀರೆಯ ನೆರಿಗೆಯ ಮೇಲೆ ಸಿಡಿದು ಬಿತ್ತು. ಪದ್ಮಾ ನೆರಿಗೆ ಕೊಡವಿಕೊಂಡು, ‘ಪರವಾಗಿಲ್ಲ ಗಿರಿಜಕ್ಕ, ಹಳೇ ಸೀರೆ’ ಎಂದಳು. ಹೊಸ ಸೀರೆ. ಅದರ ಬೆಲೆ ನಾನೇ ಅವಳಿಂದ ಕೇಳಿ ತಿಳಿದು, ಹೆಚ್ಚು ಕೊಟ್ಟಿದ್ದೀಯ ಎಂದು ವಾರದ ಹಿಂದೆ ಬುದ್ಧಿ ಹೇಳಿದ್ದೆ.

ಆಮೇಲೆ ನಡೆದದ್ದನ್ನು ನಾನು ಹಾಲ್‌ನ ಹಿಂದಿನ ಸಾಲಿನಲ್ಲಿ, ಕೋಟುಗಳ ರಾಶಿಯ ಪಕ್ಕ ಕೂತು ಕೇಳಿಸಿಕೊಂಡೆ. ಒಬ್ಬರು ಅನ್ನಕ್ಕಿಟ್ಟರು, ಇನ್ನೊಬ್ಬರು ಬೇಳೆಗೆ. ಪದ್ಮಾ ಸಾರು ಕೂಡಿಸಿದಳು. ಮೇಘಾ ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿದಳು. ಅವಳಿಗೆ ಚಿತ್ರಾನ್ನ ಬರುತ್ತದೆಂದು ನನಗೆ ತಿಳಿದದ್ದೇ ಆಗ. ಒಂದೊಂದು ಕೈಗೆ ಒಂದೊಂದೇ ಕೆಲಸ. ಊಟ ಸ್ವಲ್ಪ ತಡವಾಯಿತು, ಅಷ್ಟೇ.

ನನ್ನನ್ನು ನೆಲಕ್ಕೆ ಇಳಿಸಿದ್ದು ಆಮೇಲಿನದು. ಊಟಕ್ಕೆ ಮುಂಚೆ ಪದ್ಮಾ ಮೈಕಿನ ಮುಂದೆ ಬಂದು, ನೆರಿಗೆಯ ಕಲೆಯನ್ನು ಸೆರಗಿನಿಂದ ಮುಚ್ಚಿಕೊಂಡು, ‘ಎಂದಿನಂತೆ ಇವತ್ತಿನ ಅಡಿಗೆ ನಮ್ಮ ಗಿರಿಜಕ್ಕನದು, ಜೋರಾಗಿ ಚಪ್ಪಾಳೆ’ ಎಂದಳು. ಹಾಲ್ ತುಂಬ ಸೀದ ವಾಸನೆಯಂತೆ. ಆ ವಾಸನೆಯ ನಡುವೆ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ಕುಲಕರ್ಣಿ ಡಾಕ್ಟರು ಒಮ್ಮೆ ಹೇಳಿದ್ದರು: ಆಟ ಗೆದ್ದರೆ ಗೆಲುವು ಶುರುಮಾಡಿದವನ ಹೆಸರಿಗೇ ಬರೆಯುತ್ತಾರೆ, ಆದರೆ ಅವನು ಹೊರಗೆ ಹೋಗುವಾಗ ತಂಡ ಮುಂದಿರಬೇಕು ಎಂದು. ನಾನು ಹೋದಾಗ ಏನು ಮುಂದಿತ್ತು? ಎದ್ದು ಕೈಮುಗಿಯಬೇಕಾಯಿತು. ಮುಗಿದೆ. ಊಟ ಶುರುವಾದ ಮೇಲೆ ಒಬ್ಬ ಅಜ್ಜಿ ತಟ್ಟೆಯ ಮುಂದಿನಿಂದ ಕೂಗಿ ಹೇಳಿದರು, ‘ಸಾರು ಬಹಳ ಚೆನ್ನಾಗಿದೆ ಗಿರಿಜಮ್ಮ.’ ಬಯ್ದಿದ್ದರೆ ಜಗಳವಾಡುತ್ತಿದ್ದೆ. ಜಗಳ ನನಗೆ ಬರುತ್ತದೆ. ಒಳ್ಳೆಯ ಮಾತಿಗೆ ಚೌಕಾಸಿ ಮಾಡುವುದು ಹೇಗೆಂದು ತಾತ ಹೇಳಿಕೊಟ್ಟಿರಲಿಲ್ಲ.

ಕಾರಿನಲ್ಲಿ ಮೂವರೂ ಹೊರಟೆವು. ನಮ್ಮ ಮನೆ ಸಮೀಪಿಸಿದಾಗ ಮನೆಯವರು ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದರು: ‘ಡಾಕ್ಟ್ರು ಹೇಳ್ತಿದ್ರಲ್ಲ, ಕೈಗೆ ಕೊಟ್ಟು ಹೋಗಬೇಕಂತೆ. ಎಸೀಬಾರದಂತೆ.’

ಮುಂದಿನ ವರ್ಷ ಯುಗಾದಿಗೆ ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ. ಗ್ಲೌಸನ್ನು ಮೊಳೆಯಿಂದ ತೆಗೆದು ಡಾಕ್ಟರಿಗೆ ಕೊಡಹೋದೆ, ಪುಕ್ಕಟೆಯಾಗಿ. ನಾನು ಪುಕ್ಕಟೆ ಎಂದದ್ದು ಕೇಳಿ ಅವರಿಗೆ ಗಾಬರಿಯಾಯಿತು. ‘ಅಲ್ಲೇ ಇರಲಿ ಬಿಡ್ರೀ’ ಎಂದು ಹಿಟ್ಟು ತೂಗಿಸಿಕೊಂಡು ಹೋದರು. ಕ್ಯಾಸೆಟ್ಟಿನ ಮಾತೆತ್ತಲಿಲ್ಲ. ಮೂಗಿನ ಮಾತಂತೂ ಮೊದಲೇ ಇಲ್ಲ.

ಮೇಘಾ ಫೋನ್ ಮಾಡಿದಳು. ಅವಳ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ: ಒಗ್ಗರಣೆಗೆ ಮೂಗು ಬೇಕಿಲ್ಲಮ್ಮ, ಕಿವಿ ಸಾಕು. ಸಾಸಿವೆ ಸಿಡಿಯೋದು ಕೇಳುತ್ತೆ, ನಿಂತದ್ದು ಕೇಳುತ್ತೆ. ಅಷ್ಟಕ್ಕೆ ಬಾ. ನನಗೆ ಸಿಟ್ಟು ಬಂತು. ಒಂದೇ ಇನಿಂಗ್ಸಿನವಳಾದೆನೇ ಎಂದು. ಫೋನಿಟ್ಟು, ಯಾರೂ ಇಲ್ಲದಾಗ ಒಂದು ಒಗ್ಗರಣೆ ಹಾಕಿ ಕಣ್ಣು ಮುಚ್ಚಿ ಕೇಳಿದೆ. ಹುಡುಗಿ ಹೇಳಿದ್ದು ಸರಿಯಿತ್ತು.

ಹೋದೆ. ಆ ಯುಗಾದಿಯಲ್ಲಿ ಎಲ್ಲ ಅಡಿಗೆ ಮುಗಿದ ಮೇಲೆ ನನ್ನನ್ನು ಕರೆದರು. ಎಣ್ಣೆ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು. ಸಿಡಿತ ನಿಲ್ಲುವ ಗಳಿಗೆ ಹಿಡಿದು ಬಾತಿನ ಮೇಲೆ ಸುರಿದೆ. ಸೌಟು ಹಿಡಿದು ತಿರುಗಿದಾಗ ಪದ್ಮಾ ಎದುರಿಗಿದ್ದಳು. ನಗುತ್ತಲೇ ಇದ್ದಳು. ಆದರೆ ಅವಳ ಕೈ ತಾನಾಗಿಯೇ ನೆರಿಗೆಯನ್ನು ಹಿಡಿದು ಪಕ್ಕಕ್ಕೆ ಸರಿಸಿಕೊಂಡಿತು. ಅವಳಿಗೆ ಗೊತ್ತೇ ಆಗಲಿಲ್ಲ. ನನಗೆ ಗೊತ್ತಾಯಿತು. ಈಗಲೂ ಸೀರೆಯಂಗಡಿಯಲ್ಲಿ ಯಾರಾದರೂ ನೆರಿಗೆ ಹಿಡಿದು ನೋಡಿದರೆ ನನಗೆ ಕಿವಿ ಬಿಸಿಯಾಗುತ್ತದೆ.

ನಿಮಗೆ ಹೇಳುವುದಿಷ್ಟೆ. ಹಳೆ ಸಾಮಾನಿನ ಸಂತೆಗೆ ಹೋದರೆ ಬೆಲೆ ಕೇಳುವ ಮೊದಲು ಅದು ಏನು ಎಂದು ಕೇಳಿ, ಅದಕ್ಕೆ ದುಡ್ಡಿಲ್ಲ. ಫ್ಲೂ ಬಂದು ಎದ್ದ ಮೇಲೆ ಇಂಗಿನ ಡಬ್ಬಿ ಮೂಸಿ ನೋಡಿ. ವಾಸನೆ ಬರದಿದ್ದರೆ ಸರಬರಾಜಿನವನನ್ನು ಬಯ್ಯಬೇಡಿ, ಆ ದಿನವೇ ಮನೆಯವರಿಗೆ ಹೇಳಿ. ಬಾತು ಸೀದರೆ ಹೋಗಲಿ, ಗ್ಯಾಸು ಸೋರಿದರೆ ತಿಳಿಯುವುದು ಹೇಗೆ? ತಳ ಹಿಡಿದರೆ ಕೆದಕಬೇಡಿ, ಇದನ್ನು ನಾನು ಮೊದಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಮತ್ತೆ, ನಿಮ್ಮ ಮನೆಯದೇ ಒಂದು ಜೀವ ನಿಧಾನ ನಡೆದು ಬಂದು ನಿಮ್ಮ ಮುಂದೆ ಅಂಗೈ ಚಾಚಿದರೆ ವಾದ ಮಾಡಲು ಹೋಗಬೇಡಿ, ಆ ವ್ಯಾಪಾರ ಆಗಲೇ ಮುಗಿದಿರುತ್ತದೆ. ಸೌಟನ್ನು ಪಾತ್ರೆಯ ಅಂಚಿಗೆ ಒಮ್ಮೆ ತಟ್ಟಿ, ಹಿಡಿ ಅವರ ಕಡೆಗೆ ಮಾಡಿ, ಬಿಸಿ ತುದಿ ನಿಮ್ಮ ಕಡೆಗೆ ಇಟ್ಟುಕೊಂಡು ಕೊಡಿ.